ಒಡೆಯನಿಲ್ಲದ ಕಾರನ್ನು ಕೌಲಿಗೆ ಹಿಡಿಯಲು ಹೋದವನ ಅಹವಾಲು

ಸುಖಚಕ್ರ ವಾಹನ ಲೀಸಿಂಗ್ ಸಂಸ್ಥೆಯ ಜಹೀರಾಬಾದ್ ಶಾಖೆಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಅದೇ ಊರಿನ ನಿವಾಸಿ ತುಳಸಿರಾಮನು ಕೈಮುಗಿದು ಬರೆದುಕೊಳ್ಳುವುದೇನೆಂದರೆ,

ಮಾನ್ಯರೇ,

ತಾವು, ತಮ್ಮ ಕುಟುಂಬ, ತಮ್ಮ ಕಚೇರಿಯ ಏಸಿ, ಹಾಗೂ ಗಾಜಿನ ಕೋಣೆಯಲ್ಲಿ ರಿಬ್ಬನ್ ಕಟ್ಟಿಸಿಕೊಂಡು ನಿಂತಿರುವ ಹೊಸ ಕಾರುಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಊರಿನ ಮುಂದೆ ಹೀಗೆ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ಮುಖ್ಯ ಕಚೇರಿಯಿಂದ 'ನಿಮ್ಮ ಸಂತೋಷವೇ ನಮ್ಮ ಸಂತೋಷ' ಎಂಬ ಒಂದೇ ಉತ್ತರ ಬರುತ್ತಿದ್ದು, ಇಲ್ಲಿ ನನಗೆ ಸಂತೋಷವಿಲ್ಲದ ಕಾರಣ ಅಲ್ಲಿ ಅವರಿಗೂ ಇಲ್ಲವೇನೋ ಎಂಬ ಕಳವಳದಿಂದ ಈ ದಾರಿ ಹಿಡಿದಿದ್ದೇನೆ.

ಮೊದಲು ನನ್ನ ಪರಿಚಯ. ನಾನು ನಾರಾಯಣಖೇಡದ ಜೂನಿಯರ್ ಕಾಲೇಜೊಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ನೌಕರಿಗೆ ಸೇರಿದಂದಿನಿಂದ ಒಂದು ಕಡತವನ್ನೂ ಅವಸರಪಟ್ಟು ಮುಂದಕ್ಕೆ ಕಳಿಸಿದವನಲ್ಲ ಎಂಬ ಒಳ್ಳೆಯ ಹೆಸರು ನನಗಿದೆ. ನನ್ನ ಹೆಂಡತಿ ನರ್ಮದಾ ಪಸ್ತಾಪುರದ ಹತ್ತಿರದ ಶಾಲೆಯಲ್ಲಿ ಗಣಿತದ ಟೀಚರಾಗಿದ್ದಳು. ಈ ವರ್ಷ ಅವಳಿಗೆ ಬಡ್ತಿ ಬಂತು: ತಾಂಡೂರಿನ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲಿಗೆ ಹೆಡ್‌ಮೇಡಂ. ಸರ್ಕಾರ ಹೇಳಿದ ದಿನದೊಳಗೆ ಹೋಗಿ ಹಾಜರಾಗದಿದ್ದರೆ ಬಡ್ತಿಯನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ, ಆಮೇಲೆ ಅದು ಮತ್ತೆ ಯಾವಾಗ ಬಾಗಿಲಿಗೆ ಬರುತ್ತದೆಂದು ಯಾರೂ ಹೇಳಲಾರರು. ಜಹೀರಾಬಾದಿನಿಂದ ನಾನು ಉತ್ತರಕ್ಕೆ ಹೋಗಬೇಕು, ಅವಳು ದಕ್ಷಿಣಕ್ಕೆ. ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ. ಅವಳ ಬಸ್ಸು ಹಳ್ಳಿ ಮುಟ್ಟುವಾಗ ಪ್ರಾರ್ಥನೆ ಮುಗಿದು ಎರಡನೆಯ ಪೀರಿಯಡ್ ನಡೆದಿರುತ್ತದೆ, ಹೆಡ್‌ಮೇಡಂ ಅಷ್ಟು ಹೊತ್ತಿಗೆ ಬಂದರೆ ಮಕ್ಕಳು ಯಾವಾಗ ಬರಬೇಕು? ಆದ್ದರಿಂದ ಕಾರು ಬೇಕಾಯಿತು. ನರ್ಮದಾ ಹೋದ ವರ್ಷವೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಾಳೆ. ನನಗೆ ಬರುವುದಿಲ್ಲ. ರಿವರ್ಸ್ ಗೇರಿನಲ್ಲಿ ನನ್ನ ಧೈರ್ಯವೂ ಹಿಂದಕ್ಕೆ ಹೋಗುತ್ತದೆ.

ಹೊಸದನ್ನು ಲೀಸಿಗೆ ತರಬೇಕೋ, ಹಳೆಯದನ್ನು ಕೊಳ್ಳಬೇಕೋ ಎಂಬ ಪ್ರಶ್ನೆ ನಮ್ಮ ಮನೆ ಹೊಕ್ಕದ್ದು ಹೀಗೆ. ಬಸ್ ಸ್ಟ್ಯಾಂಡಿನ ಹಿಂದೆ ಹಳೆಯ ಕಾರು ಮಾರುವ ರಾಜರತ್ನನ ಬಳಿ ಬಿಳಿ ಬಣ್ಣದ ಒಂದು ಗಾಡಿಯಿತ್ತು. ತಾಂಡೂರಿನ ಬೇಳೆ ವ್ಯಾಪಾರಿಯೊಬ್ಬರು ಓಡಿಸಿದ್ದಂತೆ. ಡಿಕ್ಕಿ ತೆರೆದರೆ ಇವತ್ತಿಗೂ ತೊಗರಿಯ ವಾಸನೆ. ರಾಜರತ್ನ ವ್ಯಾಪಾರ ಗೊತ್ತಿಲ್ಲದ ಮನುಷ್ಯ, ನಾವು ಕೇಳುವ ಮೊದಲೇ ಅದರ ದೋಷ ಹೇಳಲು ಶುರುಮಾಡಿದ. "ಎಡಗಡಿ ಬಾಗಿಲು ಮೊದಲನೇ ಸಲ ಹಾಕಿದ್ರ ಹತ್ತಂಗಿಲ್ರಿ ಅಕ್ಕಾರ, ಎರಡನೇ ಸಲಕ್ಕ ಹತ್ತತದ. ಎಂಜಿನ್‌ದು ನಂದು ಜಿಮ್ಮೇದಾರಿ, ಬಾಗಿಲದ್ದು ನಿಮ್ದು" ಎಂದ. ನರ್ಮದಾ ಬಾನೆಟ್ ಎತ್ತಿಸಿ ನೋಡಿದಳು, ಗಾಡಿಯನ್ನು ಅಲ್ಲೀಪುರದ ತನಕ ಓಡಿಸಿ ಬಂದಳು, "ಇದು ಸಾಕ್ರಿ" ಎಂದಳು. ಇಷ್ಟು ದೊಡ್ಡ ವಿಷಯ ಇಷ್ಟು ಸಣ್ಣ ಮಾತಿನಲ್ಲಿ ಮುಗಿಯುವುದು ನನಗೆ ಸರಿಕಾಣಲಿಲ್ಲ. ಎರಡೂ ಕಡೆ ವಿಚಾರಿಸದೆ ನಿರ್ಧಾರ ಮಾಡಬಾರದೆಂದು ಹೇಳಿ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆತಂದೆ.

ಮಾನ್ಯರೇ, ಅಂದು ತಾವು ನಮ್ಮನ್ನು ನಡೆಸಿಕೊಂಡ ರೀತಿ ಮರೆಯುವಂಥದಲ್ಲ. ನನಗೆ ತಣ್ಣನೆಯ ನೀರು, ನರ್ಮದಾಳಿಗೆ ಚಾಕೊಲೇಟು. ಕಾರು ಓಡಿಸಲು ಬಾರದ ನನ್ನನ್ನು ಸ್ಟೇರಿಂಗಿನ ಹಿಂದೆ ಕೂರಿಸಿ ಫೋಟೋ ತೆಗೆಸಿದಿರಿ, ಓಡಿಸುವವಳ ಕೈಗೆ ನನ್ನ ಟಿಫಿನ್ ಚೀಲ ಕೊಟ್ಟು ಹಿಂದೆ ನಿಲ್ಲಿಸಿದಿರಿ. ಅವಳು, "ವರ್ಷಕ್ಕ ಇಷ್ಟ ಕಿಲೋಮೀಟರ್ ಅಂತ ಹಾಕೀರಲ್ರಿ, ದಿನಾ ತಾಂಡೂರಿಗೆ ಹೋಗಿ ಬಂದ್ರ ಅದು ದೀಪಾವಳಿಗೇ ಮುಗೀತದ. ಮುಂದ ಹ್ಯಾಂಗ?" ಎಂದು ಕೇಳಿದಾಗ, ತಾವು ಬಹಳ ನಯವಾಗಿ ನನ್ನ ಕಡೆ ತಿರುಗಿ, "ಸರ್, ಮೇಡಂಗೆ ಕೆಂಪು ಬಣ್ಣ ಇಷ್ಟ ಆಗಬಹುದು" ಎಂದಿರಿ. ಗಣಿತದ ಟೀಚರಿನ ಪ್ರಶ್ನೆಗೆ ಬಣ್ಣದಲ್ಲಿ ಉತ್ತರ ಕೊಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೆಂಪು ಕಾರು ಚೆನ್ನಾಗಿಯೂ ಇತ್ತು. ಕಾಲೇಜಿನಲ್ಲಿ ಮರುದಿನವೇ ಫೋಟೋ ತೋರಿಸಿದೆ.

ಹಿರಿಯರ ಮಾತೂ ಇರಲೆಂದು ಸಿರ್ಗಾಪುರದಿಂದ ಅಂಜಪ್ಪ ಕಾಕಾನನ್ನು ಕರೆಸಿದೆ. ಕಾಕಾ ನನ್ನ ತಂದೆಯ ತಮ್ಮ, ಸ್ವಂತ ಹೊಲವಿದೆ, ಅದರ ಜೊತೆಗೆ ಬೇರೆಯವರ ಹೊಲವನ್ನೂ ಕೌಲಿಗೆ ಮಾಡುತ್ತಾನೆ. ಹೊಲವನ್ನು ವರ್ಷಕ್ಕೆ ಗೇಣಿಗೆ ಹಿಡಿಯುವುದಕ್ಕೆ ನಮ್ಮ ಕಡೆ ಕೌಲು ಎನ್ನುತ್ತಾರೆ. ತಾವು ಲೀಸಿನ ಪದ್ಧತಿಯನ್ನು, ಅಂದರೆ ಗಾಡಿ ತಮ್ಮ ಹೆಸರಿನಲ್ಲೇ ಇರುತ್ತದೆ, ನಾವು ಬಳಸುತ್ತೇವೆ, ತಿಂಗಳಾ ಬಾಡಿಗೆ ಕೊಡುತ್ತೇವೆ, ಅವಧಿ ಮುಗಿದ ಮೇಲೆ ಬಿಟ್ಟುಕೊಡುತ್ತೇವೆ ಎಂಬುದನ್ನು ಪರದೆಯ ಮೇಲೆ ಚಿತ್ರ ಹಾಕಿ ವಿವರಿಸಿದಿರಿ. ಕಾಕಾ ಕೊನೆಯವರೆಗೂ ಕೇಳಿ, "ಅಂದ್ರ ಕೌಲು. ಇದಕ್ಕ ಇಷ್ಟು ಚಿತ್ರ ಯಾಕ ಬೇಕಾಗಿತ್ತು?" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಕಾರಿನ ವ್ಯವಹಾರವೆಲ್ಲ ಕೌಲಿನ ರಿವಾಜಿನಂತೆಯೇ ನಡೆಯಿತು, ಅದಕ್ಕೆ ನಾನೂ ತಲೆಯಾಡಿಸಿದೆ.

ಕಾಕಾ ಕೇಳಿದ ಪ್ರಶ್ನೆಗಳಿಗೆ ತಾವು ತೋರಿದ ತಾಳ್ಮೆಯನ್ನು ಇಲ್ಲಿ ಹೊಗಳದಿದ್ದರೆ ತಪ್ಪಾದೀತು. "ಮಳಿ ಹೋತಂದ್ರ ಒಡೆಯ ಕೌಲಿನ ರೊಕ್ಕದಾಗ ಒಂದಿಷ್ಟು ಬಿಡ್ತಾನ. ಗಾಡಿ ಕೆಟ್ಟು ನಿಂತ ತಿಂಗಳಿಗೆ ನೀವೆಷ್ಟು ಬಿಡ್ತೀರಿ ಸಾಹೇಬ್ರ?" ಎಂದಾಗ ತಾವು ಮುಗುಳ್ನಕ್ಕಿರಿ. "ಬದುವಿನ ಮ್ಯಾಲಿನ ಮಾವಿನಹಣ್ಣು ನಮ್ಮಲ್ಲಿ ಕೌಲು ಮಾಡಿದವಂಗ. ಇದರಾಗ ಅಂಥದ್ದೇನರ ಅದನೋ?" ಎಂದಾಗ ತಾವು ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದಿರಿ. ಕಡೆಗೆ ಕಾಲ ಕೆಳಗೆ ಹಾಸುವ ಮ್ಯಾಟ್ ಉಚಿತವೆಂದು ಹೇಳಿದ್ದೂ ನೆನಪಿದೆ. ಕಾಕಾನಿಗೆ ತೃಪ್ತಿಯಾಯಿತು.

ಮುಂದಿನ ವಾರ ಅವನು ತನ್ನ ಹೊಲದ ತೊಗರಿಯನ್ನು ಬೇಳೆ ಮಾಡಿಸಿ ಒಂದು ಚೀಲ ತಂದು, ಮೇಲೆ ಎಲೆ ಅಡಿಕೆ ಇಟ್ಟು ತಮಗೆ ಒಪ್ಪಿಸಿದ. ನಮ್ಮ ಕಡೆ ಒಡೆಯನ ಮನೆಯವರು ಆ ಚೀಲವನ್ನು ಒಳಗೆ ತೆಗೆದುಕೊಂಡರೆಂದರೆ ಮಾತು ಕಟ್ಟಿತೆಂದು ಅರ್ಥ; ಆಮೇಲೆ ಆ ಹೊಲವನ್ನು ಅವರು ಬೇರೆಯವರಿಗೆ ಕೊಡುವಂತಿಲ್ಲ, ನಾವೂ ಬೇರೆ ಹೊಲದ ಕಡೆ ಕಣ್ಣು ಹಾಯಿಸುವಂತಿಲ್ಲ. ತಾವು ಅಡಿಕೆಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡಿರಿ, ಚೀಲವನ್ನು ಜವಾನನ ಕೈಯಿಂದ ಮನೆಗೆ ಕಳಿಸಿದಿರಿ. "ಆತು, ಕೆಲಸ ಆತು" ಎಂದು ಕಾಕಾ ನನ್ನ ಬೆನ್ನು ತಟ್ಟಿದ. ರಾಜರತ್ನನ ಕಡೆ ಹೋಗುವುದನ್ನು ನಾನು ಬಿಟ್ಟೆ, ನರ್ಮದಾಳಿಗೂ ಹೋಗಬೇಡವೆಂದು ಹೇಳಿದೆ.

ಇನ್ನು ತೆಂಗಿನಕಾಯಿಯ ಪ್ರಸಂಗ. ಕೌಲಿಗೆ ಹಿಡಿದವನು ನೇಗಿಲು ಹೂಡುವ ಮೊದಲು ಒಡೆಯ ತಾನೇ ಬಂದು ಹೊಲದ ಅಂಚಿನಲ್ಲಿ ಕಾಯಿ ಒಡೆದುಕೊಡಬೇಕು, ಅವತ್ತಿನ ಊಟ ಕೌಲುದಾರನ ಮನೆಯಲ್ಲಿ. ಅದರಂತೆ ನಾವು ಕಾಯಿ, ಲಿಂಬೆಹಣ್ಣು, ಕುಂಕುಮ ಹಿಡಿದುಕೊಂಡು ಕಾರು ತರಲು ಬಂದೆವು. ಮನೆಯಲ್ಲಿ ನನ್ನ ತಾಯಿ ಬಾಳಮ್ಮ ತಮಗಾಗಿ ಹೋಳಿಗೆ ಮಾಡಿ ಕಾಯುತ್ತಿದ್ದಳು. ಕಾಯಿ ಒಡೆದರೆ ಟೈಲ್ಸಿಗೆ ಕಲೆಯಾಗುತ್ತದೆಂದಿರಿ, ಹೊರಗೆ ಒಡೆಯೋಣವೆಂದೆವು. ಬಾನೆಟ್ಟಿಗೆ ಕುಂಕುಮ ಹಚ್ಚುವಂತಿಲ್ಲವೆಂದಿರಿ, ಬಿಟ್ಟೆವು. ಆದರೆ ತಾವು ಮುಂದುವರಿದು, ನಾನು ಒಡೆಯನಲ್ಲ, ಸಂಬಳಕ್ಕಿರುವವನು ಎಂದುಬಿಟ್ಟಿರಿ. ಹಾಗಾದರೆ ಒಡೆಯರು ಯಾರೆಂದು ಕೇಳಿದರೆ ಸಂಸ್ಥೆ ಎಂದಿರಿ. ಸಂಸ್ಥೆ ಎಂದರೆ ಯಾರೆಂದು ಕೇಳಿದರೆ ಷೇರುದಾರರು ಎಂದಿರಿ. ಅವರು ಎಲ್ಲಿದ್ದಾರೆಂದರೆ ಎಲ್ಲ ಕಡೆ ಇದ್ದಾರೆ ಎಂದಿರಿ. ಕಾಕಾ ಒಂದು ಕ್ಷಣ ಕೈಮುಗಿಯಲು ಹೋದವನು ತಡೆದುಕೊಂಡು, "ಒಡೆಯನ ಮಾರಿ ನೋಡದೆ ಕೌಲಿಗೆ ಕೈ ಹಾಕಿದ್ರ ನಾಳೆ ನಾಲ್ಕು ಮಂದಿ ಬಂದು ನಾನೇ ಒಡೆಯ ಅಂತಾರ. ನಡೀರಿ ಮನಿಗಿ. ಅವರು ಬರಲಿ, ಆಮ್ಯಾಲ ನೋಡಾಣು" ಎಂದ. ಸಹಿ ಮಾಡದೆ ಎದ್ದು ಬಂದೆವು. ಹೋಳಿಗೆಯನ್ನು ನಾವೇ ತಿಂದೆವು.

ತಮ್ಮ ಮುಖ್ಯ ಕಚೇರಿಗೆ ನಾನು ಬರೆದದ್ದು ಆಗಲೇ. ಒಡೆಯರೆಲ್ಲರೂ ಬರುವುದು ಕಷ್ಟವಾದರೆ ಅವರೊಳಗೆ ಒಬ್ಬರನ್ನು, ಕಾಯಿ ಒಡೆಯುವಷ್ಟು ಶಕ್ತಿ ತೋಳಿನಲ್ಲಿರುವವರನ್ನು, ಒಪ್ಪೊತ್ತಿಗೆ ಕಳಿಸಿಕೊಡಿ, ಜಹೀರಾಬಾದಿಗೆ ಹೈದರಾಬಾದಿನಿಂದ ಬೇಕಾದಷ್ಟು ಬಸ್ಸುಗಳಿವೆ, ಉಪ್ಪು ಖಾರ ಕಡಿಮೆ ತಿನ್ನುವವರಾದರೆ ಮುಂಚೆ ತಿಳಿಸಬೇಕು ಎಂದು ವಿನಂತಿಸಿದ್ದೆ. ಅವರ ಸಂತೋಷದ ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಸಂತೋಷ ಬಂತು. ಹೀಗೆ ಅವರು ಸಂತೋಷಪಡುತ್ತಿರುವಾಗ ಇಲ್ಲಿ ನರ್ಮದಾ ಹಾಜರಾಗಬೇಕಾದ ಕೊನೆಯ ದಿನ ಹತ್ತಿರ ಬರುತ್ತಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ. ಊಟಕ್ಕೆ ಬಡಿಸುವಾಗ, "ಏನಾತ್ರಿ?" ಎಂದು ಕೇಳುತ್ತಿದ್ದಳು. "ನಡೆದಿದೆ" ಎಂದು ನಾನು, ಕಚೇರಿಯಲ್ಲಿ ಹೇಳುವ ಹಾಗೆ, ಹೇಳುತ್ತಿದ್ದೆ.

ಆ ಕೊನೆಯ ದಿನ ಬೆಳಿಗ್ಗೆ ರಜೆ ಹಾಕಿ ಕಾಕಾನೊಂದಿಗೆ ತಮ್ಮಲ್ಲಿಗೆ ಬಂದೆ. ಒಡೆಯನಿಲ್ಲದಿದ್ದರೂ ಸರಿ, ಈ ಸಲಕ್ಕೆ ರಿವಾಜು ಮುರಿದು ಗಾಡಿ ಒಯ್ಯೋಣವೆಂದು ಕಾಕಾನನ್ನು ಹೇಗೋ ಒಪ್ಪಿಸಿದ್ದೆ. ಗಾಜಿನ ಕೋಣೆಯಲ್ಲಿ ಕೆಂಪು ಕಾರು ಇರಲಿಲ್ಲ. ತಾಂಡೂರಿನ ಹಾಸುಗಲ್ಲಿನ ವ್ಯಾಪಾರಿಯೊಬ್ಬರಿಗೆ ಹಿಂದಿನ ದಿನವೇ ಕೊಟ್ಟಾಗಿತ್ತು. ನಮ್ಮ ಬೇಳೆಯ ಮಾತೇನಾಯಿತೆಂದು ಕಾಕಾ ಕೇಳಿದ್ದಕ್ಕೆ ತಾವು, ಸಹಿಯಿಲ್ಲದೆ ಯಾವ ಮಾತೂ ಕಟ್ಟುವುದಿಲ್ಲ, ಬೇಳೆ ಮಾತ್ರ ಬಹಳ ಚೆನ್ನಾಗಿ ಬೆಂದಿತು ಎಂದಿರಿ. ಸತ್ಯ ಹೇಳುವುದರಲ್ಲಿ ತಮಗೆ ಸಮಾನರಿಲ್ಲ. ಕಾಕಾ ಎಂದೂ ಎತ್ತರದ ದನಿಯಲ್ಲಿ ಮಾತಾಡದವನು, ಅಂದೂ ಆಡಲಿಲ್ಲ. "ತಿಂದವರು ತಿಂದಿಲ್ಲಂತ ಅಂದಿದ್ರ ಸಿಟ್ಟರ ಬರ್ತಿತ್ತು" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡ. ಮುಂದಿನ ತಿಂಗಳು ನೀಲಿ ಬಣ್ಣದ್ದು ಬರುತ್ತದೆಂದು ತಾವು ನಮ್ಮ ಹಿಂದೆಯೇ ಬಾಗಿಲವರೆಗೆ ಬಂದು ಹೇಳಿದ್ದು ನಿಜಕ್ಕೂ ದೊಡ್ಡತನ.

ನರ್ಮದಾಳಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತ ಮನೆಗೆ ಹೋದೆ. ಅವಳಿರಲಿಲ್ಲ. ನನ್ನ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತದೆ, "ಹೋಗ್ಯಾಳ. ರಾಜರತ್ನಂದು ಬಿಳಿ ಗಾಡಿ ತಗೊಂಡು ನಸುಕಿನ್ಯಾಗ ನೀ ಸ್ನಾನಕ್ಕ ಹೋದಾಗ ಹೋಗ್ಯಾಳ. ಜೋಡಿಲಿ ಬರ್ತೀನಂದೆ, ಬ್ಯಾಡತ್ತೀ ಅಂದಳು" ಎಂದಳು.

ಸಂಜೆ ನರ್ಮದಾ ಬಂದಳು. ಗಾಡಿಯ ತುಂಬ ತಾಂಡೂರಿನ ಕಲ್ಲುಪುಡಿ. ಪ್ರಾರ್ಥನೆಗೆ ಮೊದಲೇ ತಲುಪಿ ಸಹಿ ಮಾಡಿದ್ದಳು, ಮಕ್ಕಳಿಗೆ ನಾಲ್ಕು ಮಾತು ಆಡಿಯೂ ಬಂದಿದ್ದಳು. ನನಗೆ ಸಂತೋಷವಾಯಿತು, ಆದರೆ ಬಾಯಿಂದ ಬಂದದ್ದು ಮಾತ್ರ ಆಫೀಸಿನ ಮಾತು: ಎರಡೂ ಕಡೆಯ ವಿಚಾರ ಪೂರ್ತಿಯಾಗುವ ಮೊದಲೇ ಒಂದು ದಿನದಲ್ಲಿ ಹೀಗೆ ನಿರ್ಧಾರ ಮಾಡಬಹುದೇ ಎಂದು ಕೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಂದು ಎದುರಿಗೆ ಕೂತಳು.

"ಇವತ್ತು ತಗೊಂಡಿಲ್ರಿ. ಹೋದ ಸೋಮವಾರನೇ ತಗೊಂಡೀನಿ, ನನ್ನ ಹೆಸರಿಗೆ. ಗಾಡಿ ಅವನ ಕಡೇನೇ ಬಿಟ್ಟು, ಅವತ್ತಿನಿಂದ ಕೀಲಿಕೈ ಬ್ಯಾಗಿನ್ಯಾಗ ಇಟ್ಕೊಂಡು ತಿರಗೀನಿ. ಯಾವ ಗಾಡ್ಯಾಗರ ಆಗಲಿ, ನೀ ಹೋಗು ನರ್ಮದಾ ಅಂತ ನೀವು ಒಂದು ಸಲ ಅಂತೀರಿ ಅಂತ ಕಾದೆ. ನೀವು ಕೆಂಪಂದ್ರಿ, ಬಿಳಿ ಅಂದ್ರಿ, ಒಡೆಯ ಬರಬೇಕಂದ್ರಿ. ಹೋಗು ಅನ್ನಲಿಲ್ಲ."

ಮಾನ್ಯರೇ, ನನಗೆ ನಾಚಿಕೆಯಾಯಿತೆಂದು ಊರೆಲ್ಲ ಓದುವ ಪತ್ರದಲ್ಲಿ ಬರೆಯುತ್ತಿದ್ದೇನೆ. ಅವಳು ಹೆಡ್‌ಮೇಡಂ ಆಗುವುದು ನನಗೆ ಬೇಡವಾಗಿತ್ತೇ? ಇಲ್ಲವೆಂದು ನಾನು ಯಾವ ದೇವರ ಮುಂದೆಯಾದರೂ ಹೇಳಬಲ್ಲೆ. ಅವಳ ಮುಂದೆ ಮಾತ್ರ ಹೇಳಲಾಗಲಿಲ್ಲ, ಹೇಳಬೇಕಾದ ದಿನಗಳಲ್ಲಿ ನಾನು ತಮ್ಮ ಷೇರುದಾರರಿಗೆ ಹೋಳಿಗೆಯ ಆಹ್ವಾನ ಬರೆಯುತ್ತ ಕೂತಿದ್ದೆ.

ಆದ್ದರಿಂದ ನನಗೆ ಕೆಂಪು ಕಾರು ಬೇಡ, ನೀಲಿಯದೂ ಬೇಡ, ಉಂಡ ಬೇಳೆಯನ್ನು ಕೇಳುವ ಸಣ್ಣತನವೂ ನಮ್ಮ ಮನೆತನಕ್ಕಿಲ್ಲ. ಅವಧಿ ಮುಗಿದೊಡನೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದರಲ್ಲಿ ತಮ್ಮ ಸಂಸ್ಥೆ ಹೆಸರಾದದ್ದು; ಒಮ್ಮೆಯಾದರೂ ಹಿಂದಕ್ಕೆ ಕೊಡುವುದನ್ನು ಅಭ್ಯಾಸ ಮಾಡಿಕೊಳ್ಳಬಹುದಾದರೆ, ನರ್ಮದಾ ಕೀಲಿಕೈ ಇಟ್ಟುಕೊಂಡು ತಿರುಗಿದ ಆ ದಿನಗಳನ್ನು ನನಗೆ ಹಿಂದಕ್ಕೆ ಕೊಡಿಸಬೇಕು. ಎಲ್ಲವೂ ಬೇಡ. ಆ ಸೋಮವಾರದ ಸಂಜೆ, ಅವಳು ಬಡಿಸುತ್ತ "ಏನಾತ್ರಿ?" ಎಂದು ಕೇಳುವ ಹೊತ್ತು ಸಿಕ್ಕರೆ ಸಾಕು, ತಟ್ಟೆಗೆ ಕೈ ಹಾಕುವ ಮೊದಲೇ ಹೇಳಿಬಿಡುತ್ತೇನೆ.

ತಮ್ಮ ವಿಶ್ವಾಸಿ ಎಂದು ಬರೆಯಲು ಇನ್ನೂ ಕೈ ತಡವರಿಸದಿರುವ,
ತುಳಸಿರಾಮ
ಜಹೀರಾಬಾದ್

ಮರೆತ ಮಾತು: ನಿನ್ನೆ ನರ್ಮದಾಳ ಜೊತೆ ಗಾಡಿಗೆ ಗಾಳಿ ಹಾಕಿಸಲು ಹೋದಾಗ ರಾಜರತ್ನ ಒಂದು ಸುದ್ದಿ ಹೇಳಿದ. ಟೈ ಕಟ್ಟಿಕೊಂಡ ಸಾಹೇಬರೊಬ್ಬರು ಕತ್ತಲಾಗುವ ಹೊತ್ತಿಗೆ ಬಂದು, "ತಿಂಗಳಾ ಬಾಡಿಗೆ ಕಟ್ಟುವ ತಾಪತ್ರಯ ನಮ್ಮ ಮನೆಯವರಿಗೆ ಬೇಡ" ಎನ್ನುತ್ತ, ತಮ್ಮ ಸ್ವಂತ ಬಳಕೆಗೆ ಒಂದು ಹಳೆಯ ಗಾಡಿಯನ್ನು ಚೌಕಾಸಿ ಮಾಡಿ ಒಯ್ದರಂತೆ. ಹೆಸರು ಯಾರಿಗೂ ಹೇಳಬೇಡವೆಂದು ಕೈಹಿಡಿದು ಕೇಳಿಕೊಂಡರಂತೆ. ರಾಜರತ್ನ ಮಾತಿಗೆ ತಪ್ಪುವವನಲ್ಲ, ಎಷ್ಟು ಕೇಳಿದರೂ ಹೆಸರು ಹೇಳಲಿಲ್ಲ, ಹುದ್ದೆಯನ್ನಷ್ಟೇ ಹೇಳಿದ.