ಇಪ್ಪತ್ತು ಜನಕ್ಕೊಂದು ಮಿಕ್ಸಿ

ಬಿಟ್ಟಿ ಸಾಮಾನಿಗೂ ನನಗೂ ಏನೋ ಋಣಾನುಬಂಧ. ಅದು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ, ನಾನು ಪೇಚಿಗೆ ಬೀಳುತ್ತಲೇ ಇರುತ್ತೇನೆ. ಆದರೆ ಹೊಳೆನರಸೀಪುರಕ್ಕೆ ಇಂಟರ್‌ನೆಟ್ ಬಂದ ಹೊಸತರಲ್ಲಿ ಬಿದ್ದ ಹಾಗೆ ಮತ್ತೆಂದೂ ಬಿದ್ದಿಲ್ಲ.

೧. ಮೊದಲು ಕೊಟ್ಟೆ, ಆಮೇಲೆ ಕಾದೆ

ಆಗ ನಾನು ಅಲ್ಲಿ ಹೈಸ್ಕೂಲ್ ಟೀಚರ್. ಬಸ್‌ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಈಮೇಲ್ ಕಳಿಸಲು ಕಲಿತ ವಾರವೇ ಒಂದು ವೆಬ್‌ಸೈಟ್ ಕಣ್ಣಿಗೆ ಬಿತ್ತು. ಇಪ್ಪತ್ತು ಜನರನ್ನು ಸದಸ್ಯರಾಗಿ ಸೇರಿಸಿದರೆ ಒಂದು ಮಿಕ್ಸಿ ಉಚಿತ! ನನ್ನ ಹೆಸರು ಹಾಕಿದ್ದೇ ತಡ, ಪರದೆ ತುಂಬ ಬಲೂನು ಹಾರಿಸಿ ಅಭಿನಂದನೆ ಹೇಳಿತು. ನನಗೆ ಅಷ್ಟು ಸಾಕಾಯಿತು. ಮರುದಿನವೇ ಮನೆಯ ಹಳೇ ಮಿಕ್ಸಿಯನ್ನು ಸ್ಕೂಲಿನ ಆಯಾಗೆ ಕೊಟ್ಟುಬಿಟ್ಟೆ.

"ಹೊಸದು ಬರೋವರೆಗಾದ್ರೂ ತಡ್ಕೋಬಾರದಾಗಿತ್ತೇನೇ?" ಅಂದರು ಯಜಮಾನರು.

"ಕಂಪ್ಯೂಟರೇ ಹೇಳಿದೆ ಕಣ್ರೀ. ಅದು ಯಾಕೆ ಸುಳ್ಳು ಹೇಳುತ್ತೆ?"

"ಅದಿರ್ಲಿ. ಅದು ನಮ್ಮಮ್ಮ ಕೊಟ್ಟ ಮಿಕ್ಸಿ ಅನ್ನೋದು ನೆನಪಿದೆಯಾ? ಗೌರಿಹಬ್ಬಕ್ಕೆ ಬರ್ತಿದಾರೆ."

ನಮ್ಮ ಗೃಹಪ್ರವೇಶಕ್ಕೆಂದು ಅತ್ತೆ ಅರಕಲಗೂಡಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಮಿಕ್ಸಿ ಅದು. ಗ್ಯಾರಂಟಿ ಕಾರ್ಡ್ ಕೇಳಿದರೆ "ಎಲ್ಲೋ ಇಟ್ಟಿದೀನಿ" ಅಂತ ಮಾತು ಮರೆಸುತ್ತಿದ್ದರು. ಆದರೆ ಬಂದಾಗಲೆಲ್ಲ ಕಾಲು ತೊಳೆದವರೇ ಮೊದಲು ಮಿಕ್ಸಿಯನ್ನು ಮುಟ್ಟಿ ನೋಡುತ್ತಿದ್ದರು. ವಾಪಸ್ ಕೇಳೋಣವೆಂದರೆ ಆಯಾ ಆಗಲೇ ಅದಕ್ಕೆ ಕುಂಕುಮ ಇಟ್ಟು ಪೂಜೆ ಮಾಡಿಬಿಟ್ಟಿದ್ದಳು.

ಹಬ್ಬಕ್ಕೆ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಚಟ್ನಿ ಒರಳಲ್ಲಿ, ರುಬ್ಬುವವರು ಯಜಮಾನರು ಎಂದು ತೀರ್ಮಾನವಾಯಿತು. ತೀರ್ಮಾನ ನನ್ನದೇ.

೨. ರಾಹುಕಾಲದ ಕ್ಲಿಕ್ಕು

ನಮ್ಮವರಲ್ಲಿ ಯಾರಿಗೂ ಈಮೇಲ್ ಇರಲಿಲ್ಲ. ಒಬ್ಬೊಬ್ಬರನ್ನೇ ಕರೆದೊಯ್ದು ನಾನೇ ಮಾಡಿಸಬೇಕು, ಕೊನೆಯ ಗುಂಡಿಯನ್ನು ಮಾತ್ರ ಅವರೇ ಒತ್ತಬೇಕು. ಸ್ಟಾಫ್‌ರೂಮಿನವರು ಮುಗಿದ ಮೇಲೆ ನಮ್ಮ ಮನೆ ಪುರೋಹಿತರನ್ನು ಕರೆದುಕೊಂಡು ಹೋದೆ. ಹುಟ್ಟಿದ ತಾರೀಖು ಕೇಳಿದರೆ ನಕ್ಷತ್ರ, ಪಾದ, ಲಗ್ನ ಎಲ್ಲ ಹೇಳಿದರು, ತಾರೀಖೊಂದು ಗೊತ್ತಿರಲಿಲ್ಲ. ಅಂದಾಜಿಗೆ ಒಂದು ಹಾಕಿದೆ. ಗುಂಡಿ ಒತ್ತಿ ಅಂದರೆ ಕೈ ಹಿಂದಕ್ಕೆಳೆದುಕೊಂಡರು.

"ಈಗ ರಾಹುಕಾಲ ಅಮ್ಮ. ಹೊಸ ಕೆಲಸ ಶುರು ಮಾಡಬಾರದು."

ಅರ್ಧ ಗಂಟೆ ಇಬ್ಬರೂ ಪರದೆ ನೋಡುತ್ತಾ ಕೂತೆವು. ಸೆಂಟರಿನವರು ನಮ್ಮನ್ನು ನೋಡುತ್ತಾ ಕೂತರು. ಕೊನೆಗೆ ತಾಳ್ಮೆ ಕೆಟ್ಟು "ಆಯ್ತು, ಒತ್ತಿ" ಅಂದೆ. ಒತ್ತಿದರು. ಕರೆಂಟ್ ಹೋಯಿತು.

ಪುರೋಹಿತರು ಗಡಿಯಾರ ನೋಡಿಕೊಂಡು ಶಾಂತವಾಗಿ ಹೇಳಿದರು: "ಇನ್ನೂ ಎರಡು ನಿಮಿಷ ಬಾಕಿ ಇತ್ತು."

೩. ಮುಯ್ಯಿ

ಇಪ್ಪತ್ತನೆಯವರು ಸಿಕ್ಕಿದಾಗ ಹಬ್ಬಕ್ಕೆ ಹದಿನೈದೇ ದಿನ. ನನ್ನ ವಿದ್ಯಾರ್ಥಿನಿಯೊಬ್ಬಳ ಅಪ್ಪ, ದಂಡಿಗನಹಳ್ಳಿಯ ರೈತರು. ಮಗಳ ಮಾರ್ಕ್ಸ್ ಕೇಳಲು ಸ್ಕೂಲಿಗೆ ಬಂದವರು ನನ್ನ ಮಾತಿಗೆ ಸೆಂಟರಿಗೂ ಬಂದು ಗುಂಡಿ ಒತ್ತಿ ಹೋದರು. ಗೆದ್ದೆ ಅಂದುಕೊಂಡೆ. ಮೂರನೇ ದಿನ ಒಂದು ಚೀಲ ತೆಂಗಿನಕಾಯಿ ಹೊತ್ತು ನಗುತ್ತಾ ಬಂದರು.

"ಮೇಡಮ್ಮೋರೇ, ನಿಮ್ಮೆಸ್ರುನೂ ಸೇರಿಸ್ಬುಟ್ಟೆ! ಚನ್ನರಾಯಪಟ್ಟಣಕ್ಕೇ ಓಗಿ, ನಿಮ್ಮೆಸ್ರಲ್ಲಿ ಈಮೇಲು ಮಾಡ್ಸಿ, ಗುಂಡಿನೂ ನಾನೇ ಒತ್ಬುಟ್ಟು ಬಂದೆ. ನಿಮ್ಗ್ಯಾಕೆ ತೊಂದ್ರೆ ಅಂತ."

"ಅಯ್ಯೋ, ಯಾಕೆ?"

"ಯಾಕೆ ಅಂದ್ರೆ? ನೀವು ನಮ್ಮೆಸ್ರು ಸೇರಿಸಿದ್ರಿ. ಮದ್ವೆಲಿ ಮುಯ್ಯಿ ಇಕ್ಕಿದೋರ್ಗೆ ತಿರುಗಾ ಇಕ್ದೆ ಸುಮ್ನಿರಾಕಾಯ್ತದಾ? ಅಂಗೇ ಇದೂವೆ."

ಆ ಸಂತೋಷದ ಮುಖ ನೋಡಿ ಬೈಯಲಾಗಲಿಲ್ಲ. ಅವರನ್ನು ಸೇರಿಸಿದವಳು ನಾನು, ನನ್ನನ್ನು ಸೇರಿಸಿದವರು ಅವರು. ಕಂಪ್ಯೂಟರಿಗೆ ಮುಯ್ಯಿ ಎಲ್ಲಿ ಅರ್ಥವಾಗಬೇಕು? ಒಂದೇ ಹೆಸರು ಎರಡು ಸಲ ಕಂಡಿದ್ದೇ ನಾನು ಮೋಸ ಮಾಡಿದೆನೆಂದು, ಇಪ್ಪತ್ತು ಜನರಿಗೆ ಕೊಟ್ಟಿದ್ದ ಪಾಯಿಂಟುಗಳನ್ನೆಲ್ಲ ಸೊನ್ನೆ ಮಾಡಿತು. ಸೇರಿದ ನೆನಪಿಗೆಂದು ಮಾತ್ರ ಹಾಸನದಿಂದ ಕೊರಿಯರಿನಲ್ಲಿ ಒಂದು ಕೀಚೈನ್ ಬಂತು. ಅದರ ತುದಿಯಲ್ಲಿ ಹೆಬ್ಬೆರಳಷ್ಟು ದೊಡ್ಡ ಪ್ಲಾಸ್ಟಿಕ್ ಮಿಕ್ಸಿ.

ಯಜಮಾನರು ಒರಳಿನ ಮುಂದೆ ಕೂತು ಅದನ್ನು ತಿರುಗಿಸಿ ನೋಡಿದರು. "ಇದ್ರಲ್ಲಿ ಎಷ್ಟು ಕಾಯಿ ಹಿಡಿಸುತ್ತೆ?"

೪. ಅತ್ತೆ ಬಂದರು

ಗೌರಿಹಬ್ಬದ ಹಿಂದಿನ ದಿನ ಅತ್ತೆ ಬಂದಿಳಿದರು. ಕಾಲು ತೊಳೆದವರನ್ನು ಅಡುಗೆಮನೆಗೆ ಬಿಡದೆ ನಡುಮನೆಯಲ್ಲೇ ಕೂರಿಸಿ ದೋಸೆ ಹಾಕಿಕೊಟ್ಟೆ. ಒಂದು ತುತ್ತು ತಿಂದರು.

"ಚಟ್ನಿ ಒರಳಲ್ಲಿ ರುಬ್ಬಿದ ಹಾಗಿದೆಯಲ್ಲೇ!"

ಯಜಮಾನರು ಕೆಮ್ಮುತ್ತಾ ಎದ್ದು ಹೊರಗೆ ಹೋದರು. ಇನ್ನು ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಬಲೂನಿನಿಂದ ಹಿಡಿದು ಕೀಚೈನಿನವರೆಗೆ ಎಲ್ಲ ಹೇಳಿ, ತಲೆ ತಗ್ಗಿಸಿ ನಿಂತೆ.

ಅತ್ತೆ ತಟ್ಟೆ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಬ್ಬಾ! ಉಳಿಸಿದೆ ಕಣೇ ತಾಯಿ!"

"ಹಾಗಂದ್ರೆ ಏನತ್ತೆ?" ಅಂದೆ.

"ಅದನ್ನ ನಾನೇನು ದುಡ್ಡು ಕೊಟ್ಟು ತಂದಿದ್ನಾ? ಟೀಪುಡಿ ಕೂಪನ್‌ಗೆ ಬಂದಿದ್ದು. ನಮ್ಮ ಬೀದಿಯೋರಿಗೆಲ್ಲ ಒಂದು ವರ್ಷ ಅದೇ ಟೀ ಕುಡಿಸಿದೀನಿ. ಗ್ಯಾರಂಟಿ ಕಾರ್ಡ್ ಎಲ್ಲಿಂದ ತರ್ಲಿ? ಯಾವತ್ತು ಹೊಗೆ ಬಿಟ್ಟು ನಿನ್ನೆದುರು ನನ್ನ ಮಾನ ತೆಗೆಯುತ್ತೋ ಅಂತ ಬಂದಾಗಲೆಲ್ಲ ಮುಟ್ಟಿ ನೋಡ್ತಿದ್ದೆ."

ಎರಡು ತಿಂಗಳಿಂದ ಎದೆ ಮೇಲಿದ್ದ ಭಾರ ಇಳಿದು, ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಗ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು. ಬರೀ ಸೋಪಿನ ಪುಡಿಯ ಖಾಲಿ ಕವರುಗಳು.

"ಇನ್ನು ಮೂವತ್ತಾದ್ರೆ ಹೊಸ ಮಿಕ್ಸಿ ಬರುತ್ತೆ" ಅಂದರು ಮೆಲ್ಲಗೆ. "ನಿಮ್ಮ ಸ್ಕೂಲಲ್ಲಿ ಎಷ್ಟು ಜನ ಟೀಚರ್ಸ್ ಇದಾರೆ ಹೇಳು?"