ಹನ್ನೆರಡು ಕೊಕ್ಕೆ, ಇಪ್ಪತ್ತಮೂರು ಕತ್ತಿ

ಅಂಚೆಚೀಟಿ ಕೂಡಿಡುವವನನ್ನು ಯಾರೂ ಏನೂ ಕೇಳುವುದಿಲ್ಲ. ಕತ್ತಿ ಕೂಡಿಡುವವನಿಗೆ ಮಾತ್ರ ತಿಂಗಳಿಗೊಂದಾದರೂ ಪ್ರಸಂಗ ತಪ್ಪಿದ್ದಲ್ಲ.

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಇಡೀ ದಿನ ‘ಸದ್ದು ಮಾಡಬೇಡಿ’ ಎನ್ನುವುದನ್ನು ಬಿಟ್ಟರೆ ಹೆಚ್ಚು ಮಾತಾಡುವವನಲ್ಲ. ಬಹುಶಃ ಅದಕ್ಕೇ, ನನ್ನ ಹವ್ಯಾಸ ಗೊತ್ತಾದವರು ಮೊದಲು ಒಂದು ಹೆಜ್ಜೆ ಹಿಂದೆ ಸರಿದು ಆಮೇಲೆ ನಗುತ್ತಾರೆ. ನನ್ನ ಹತ್ತಿರ ಇರುವುದು ಯುದ್ಧದ ಕತ್ತಿಗಳಲ್ಲ. ನಮ್ಮ ಸುತ್ತಲಿನ ಜನ ದುಡಿಸಿ, ಸವೆಸಿ, ಇನ್ನು ಬೇಡವೆಂದು ಮೂಲೆಗೆ ಹಾಕಿದವು. ಎಲೆಅಡಿಕೆಯ ಚಾಕು, ಚರ್ಮ ಕೊಯ್ಯುವ ರಂಪಿಗೆ, ಕ್ಷೌರದ ಕತ್ತಿ, ಬಾಳೆಗೊನೆ ಕಡಿಯುವ ಮಚ್ಚು. ಒಟ್ಟು ಇಪ್ಪತ್ತಮೂರು, ಮಂಚದ ಕೆಳಗಿನ ಟ್ರಂಕಿನಲ್ಲಿ.

ಈ ವರ್ಷ ಮನೆಗೆ ಬಣ್ಣ ಹೊಡೆಸಿದಾಗ ನನ್ನ ಹೆಂಡತಿ ಟ್ರಂಕನ್ನು ಎಳೆದು ನಡುಮನೆಯಲ್ಲಿಟ್ಟಳು. ಅವಳು ಶಾಲೆಯ ಟೀಚರ್. ತೀರ್ಪು ಹೇಳುವಾಗ ಅವಳಿಗೆ ಬೋರ್ಡು ಬೇಕಿಲ್ಲ.

“ಗೋಡೆಗೆ ಒಂದು ಗಾಜಿನ ಕಪಾಟು ಮಾಡಿಸಿಕೊಳ್ಳಿ. ಹನ್ನೆರಡು ಕೊಕ್ಕೆ. ಯಾವ ಹನ್ನೆರಡು ಅನ್ನೋದು ನಿಮಗೆ ಬಿಟ್ಟದ್ದು. ಉಳಿದದ್ದೆಲ್ಲ ಆಯುಧಪೂಜೆಯೊಳಗೆ ಮನೆಯಿಂದ ಆಚೆ.”

ನಾನು ಒಪ್ಪಿದೆ. ಆದರೆ ನನಗೆ ಆರಿಸಬೇಕಿದ್ದದ್ದು ಹನ್ನೊಂದನ್ನು ಮಾತ್ರ. ಬಡಗಿಗೆ ಹೇಳಿ ಹನ್ನೆರಡನೆಯ ಕೊಕ್ಕೆಯನ್ನು ಕೊಂಚ ದೊಡ್ಡದಾಗಿ ಹಾಕಿಸಿದ್ದೆ. ಅದು ನಮ್ಮಪ್ಪನ ಮಚ್ಚಿಗೆ. ಆ ಮಚ್ಚು ನಮ್ಮೂರು ಕೂಟಗಲ್ಲಿನಲ್ಲಿ ಅಣ್ಣನ ಬಳಿ ಇತ್ತು. ಅಣ್ಣ ನನ್ನೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಜಗಳವೂ ಆ ಮಚ್ಚಿನದೇ. ಅಪ್ಪನ ವರ್ಷದ ಕಾರ್ಯದ ದಿನ ಅದನ್ನು ನೆನಪಿಗೆಂದು ಕೇಳಿದೆ. “ದುಡಿಯೋ ಮಚ್ಚ ತಗಂಡೋಗಿ ಗೋಡೆಗ್ ನೇತಾಕ್ತೀಯಾ?” ಎಂದ ಅಣ್ಣ. ಅದರ ಬೆಲೆ ನಿನಗೇನು ಗೊತ್ತು ಎಂದೆ. ಅವನು ಅದನ್ನು ನನ್ನ ಕೈಗೆ ತುರುಕಿದ, ನಾನು ಅವನ ಕೈಗೇ ತುರುಕಿದೆ. ನೋಡುತ್ತಿದ್ದ ಸೋದರತ್ತೆ ಹಣೆ ಚಚ್ಚಿಕೊಂಡರು. ನಮ್ಮ ಕಡೆ ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರಿಗೂ ಆಗಿಬರುವುದಿಲ್ಲವಂತೆ. ನಾವು ಎರಡು ಸಲ ಕೊಟ್ಟಿದ್ದೆವು.

ಬಸ್ಸಿನಲ್ಲಿ ಖಾಲಿ ಸೀಟು

ಮೊದಲ ಕೊಕ್ಕೆಗೆ ಯಾವುದೆಂದು ಯೋಚಿಸಲೇ ಇಲ್ಲ. ಗುಡೇಮಾರನಹಳ್ಳಿಯ ರೈತರೊಬ್ಬರು ಕೊಟ್ಟ ಸೊಪ್ಪಿನ ಕತ್ತಿ. ಎಳೆಯ ರೇಷ್ಮೆಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚುವಂಥದ್ದು, ಮೊಳದುದ್ದ. ಅದನ್ನು ಪತ್ರಿಕೆಯಲ್ಲಿ ಸುತ್ತಿ ಮಾಗಡಿಯಲ್ಲಿ ಬಸ್ಸು ಹತ್ತಿದ್ದೆ. ಸುತ್ತುವುದರಲ್ಲಿ ನಾನು ಜಾಣನಲ್ಲ. ತುದಿ ಕಾಣುತ್ತಿತ್ತು.

ಬಸ್ಸು ತುಂಬಿತ್ತು. ಜನ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ನಿಂತಿದ್ದರೂ ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಕಂಡಕ್ಟರ್ ಬಂದು, ಬೇರೆಯವರಿಗೆಲ್ಲ “ಮುಂದಕ್ ಹೋಗ್ರಯ್ಯ” ಎನ್ನುತ್ತಿದ್ದವನು, ನನ್ನ ಹತ್ತಿರ ದನಿ ಇಳಿಸಿ, “ಅಣ್ಣ, ಎಲ್ಲಿಗೋಗ್ಬೇಕು ತಾವು?” ಎಂದ. ಐವತ್ತು ವರ್ಷದಲ್ಲಿ ಯಾವ ಕಂಡಕ್ಟರೂ ನನಗೆ ‘ತಾವು’ ಎಂದದ್ದಿಲ್ಲ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಹತ್ತಿದರು. ನೇರ ಬಂದು ಪಕ್ಕದಲ್ಲಿ ಕೂತು ಪೊಟ್ಟಣ ನೋಡಿದರು.

“ಏನಪ್ಪ ಅದು?”

“ಸೊಪ್ಪಿನ ಕತ್ತಿ ಅಜ್ಜಿ.”

“ಮೊನಚೈತಾ?”

“ಇದೆ.”

“ಒಸಿ ಈಚೆಗ್ ತಗಿ.” ಅಜ್ಜಿ ಚೀಲದಿಂದ ಎರಡು ಸೌತೆಕಾಯಿ ತೆಗೆದು, ಕತ್ತಿಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಬಸ್ಸು ಹಳ್ಳಕ್ಕಿಳಿದರೂ ಕೈ ಅಲುಗದಂತೆ ಹೋಳು ಮಾಡಿದರು. ಹಿಂದಿನ ಸೀಟಿನವರಿಗೆ ಧೈರ್ಯ ಬಂತು. ಒಬ್ಬರು ಮೂಸಂಬಿ ಕೊಟ್ಟರು, ಇನ್ನೊಬ್ಬರು ಹೊಸ ಪ್ಯಾಂಟಿನ ಲೇಬಲ್ ಕೊಯ್ಯಲು ಕೇಳಿದರು. ರಾಮನಗರದಲ್ಲಿ ಇಳಿಯುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು, ಈಗ ‘ತಾವು’ ಬಿಟ್ಟು, “ನಾಳೆನೂ ಬಾರಣ್ಣ, ನಮ್ಮನೆಯಿಂದ ಪರಂಗಿಹಣ್ಣು ತತ್ತೀನಿ” ಎಂದ.

ಚನ್ನಪಟ್ಟಣದ ತೀರ್ಪು

ಆಯ್ಕೆ ಕಷ್ಟವಾದಾಗ ಬಲ್ಲವರನ್ನು ಕೇಳಬೇಕೆಂದು ಓದಿದ್ದೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಒಬ್ಬ ಹಿರಿಯರಿದ್ದಾರೆ. ಮರ ಕಡೆಯುತ್ತ ನಲವತ್ತು ವರ್ಷ ಕಳೆದವರು. ಅವರ ಸವೆದ ಉಳಿಯೊಂದು ಸಿಕ್ಕೀತೇ ಎಂಬ ಆಸೆಯೂ ಇತ್ತು. ಕಪಾಟಿನ ವಿಷಯವನ್ನೂ ಉಳಿಯ ಆಸೆಯನ್ನೂ ಹೇಳಿ, ಮೊಬೈಲಿನಲ್ಲಿ ನನ್ನ ಕತ್ತಿಗಳ ಫೋಟೊ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಒಳ್ಳೆಯ ಮಾತು ಬರುತ್ತದೆಂದು ಕಾದೆ.

“ಇವು ಕೊನೇಗ್ ಸಾಣೆ ಕಂಡಿದ್ದು ಯಾವಾಗ ಸಾರ್?”

“ಸಾಣೆ ಹಿಡಿಸಿಲ್ಲ. ಹಳೆಯದು ಹಳೆಯದರಂತೆಯೇ ಇರಲಿ ಅಂತ.”

“ಎಲ್ಲ ಮಲಗ್ಬುಟ್ಟವೆ,” ಎಂದು ಮೊಬೈಲು ವಾಪಸು ಕೊಟ್ಟರು. “ಉಳಿ ಕೊಡಲ್ಲ. ಅದಕ್ಕಿನ್ನೂ ಎರಡು ವರ್ಷ ಸರ್ವೀಸ್ ಐತೆ. ಆದ್ರೆ ನಿಮ್ ಕಪಾಟಿಗೆ ಸರಿಯಾದ್ದು ಒಂದೈತೆ, ಇರಿ.”

ಒಳಗಿನಿಂದ ಮಕ್ಕಳ ಅಡುಗೆ ಸೆಟ್ಟಿನ ಚಾಕು ತಂದರು. ಪೂರ್ತಿ ಮರದ್ದು. ಹಳದಿ ಹಿಡಿ, ಕೆಂಪು ಅಲಗು, ಮೇಲೆ ಮಿರಮಿರ ಅರಗು.

“ಇದನ್ನ ತಗಂಡೋಗಿ. ಇದೂ ಏನೂ ಕುಯ್ಯಲ್ಲ.”

ಅದಕ್ಕೆ ಎರಡನೆಯ ಕೊಕ್ಕೆ ಕೊಟ್ಟೆ. ಇಡೀ ಸಂಗ್ರಹದಲ್ಲಿ ಹೆಂಡತಿ ಎರಡು ಮಾತಿಲ್ಲದೆ ಒಪ್ಪಿದ್ದು ಅದೊಂದನ್ನೇ. ಆ ವಾರದಿಂದ ಒಂದೊಂದನ್ನೇ ಸಾಣೆಗೆ ಕೊಟ್ಟು ಉಳಿದವನ್ನೆಲ್ಲ ಎಬ್ಬಿಸಿದೆ. ಕೊಕ್ಕೆ ಸಿಗದವನ್ನು ಬಳಸುವವರಿಗೆ ಕೊಡತೊಡಗಿದೆ. ಬಾಳೆಯ ಮಚ್ಚು ಬಾಳೆಮಂಡಿಗೆ ಹೋಯಿತು, ರಂಪಿಗೆ ಬಸ್‌ಸ್ಟ್ಯಾಂಡಿನ ಬಳಿ ಚಪ್ಪಲಿ ಹೊಲಿಯುವವರಿಗೆ. ಅವರು ಅಲಗಿನ ಮೇಲೆ ಹೆಬ್ಬೆರಳಾಡಿಸಿ, “ಇಂಥ ಮಾಲನ್ನ ಪೆಟ್ಟಿಗೇಲಿ ಮಡಗಿದ್ರಾ?” ಎಂದರು. ನಾನು ತಲೆ ತಗ್ಗಿಸಿದೆ.

ಮದುಮಗನ ಕೈಯಲ್ಲಿ

ಒಂದು ಮಾತ್ರ ತಾನಾಗಿಯೇ ಹೋಯಿತು.

ಕನಕಪುರದಲ್ಲಿ ಸಹೋದ್ಯೋಗಿಯ ಮಗನ ಮದುವೆ. ನಮ್ಮ ಕಡೆ ಮದುಮಗ ಕೈಯಲ್ಲಿ ಚೂರಿ ಹಿಡಿದಿರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿ ತಾಗದಿರಲೆಂದು. ಛತ್ರದಲ್ಲಿ ನೋಡಿದರೆ ನಿಂಬೆಹಣ್ಣು ಒಂದು ಡಜನ್ ಇದೆ, ಚೂರಿ ಮನೆಯಲ್ಲೇ ಉಳಿದಿದೆ. ಅಡುಗೆ ಭಟ್ಟರು ತಮ್ಮ ಕುಂಬಳಕಾಯಿ ಕತ್ತಿ ಕಳಿಸಿದರು. ಅದನ್ನು ಹಿಡಿದ ಹುಡುಗನನ್ನು ಕಂಡು ಹೆಣ್ಣಿನ ತಾತ ಎದ್ದೇ ನಿಂತರು.

ಆಗ ಎಲ್ಲರ ಕಣ್ಣು ನನ್ನತ್ತ ತಿರುಗಿತು. ನನ್ನ ಚೀಲದಲ್ಲಿ ನಿಜಕ್ಕೂ ಒಂದಿತ್ತು. ಕೊಂಬಿನ ಹಿಡಿಯ ಎಲೆಅಡಿಕೆ ಚಾಕು, ಆ ಬೆಳಿಗ್ಗೆಯಷ್ಟೇ ಸಾಣೆಯಿಂದ ಬಂದದ್ದು. ನೆಲದ ಮೇಲಿಟ್ಟೆ, ಮದುಮಗ ಎತ್ತಿಕೊಂಡ. ಮುಹೂರ್ತ ನಡೆಯಿತು. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ ಎರಡು ಸಲ ಹೋಳಿಗೆ ಬಡಿಸಿದರು. ಚಾಕು ಮಾತ್ರ ವಾಪಸು ಬರಲಿಲ್ಲ.

ತಿಂಗಳಾದ ಮೇಲೆ ಸಂಕೋಚದಿಂದ ಆ ಹುಡುಗನಿಗೆ ಫೋನ್ ಮಾಡಿದೆ. ಮೂರನೆಯ ಕೊಕ್ಕೆ ಅದರದೇ ಎಂದು ತೀರ್ಮಾನಿಸಿದ್ದೆ.

“ಚೆನ್ನಾಗ್ ಕುಯ್ಯುತ್ತೆ ಸಾರ್ ಅದು,” ಎಂದ ಹುಡುಗ, ದನಿ ತಗ್ಗಿಸಿ. “ಈಗ ನನ್ ಕೈಲಿಲ್ಲ. ಅವಳ ಕೈಲೈತೆ. ನೀವೇ ಕೇಳ್ತೀರಾ?”

ನಾನು ಕೇಳಲಿಲ್ಲ.

ಫೋನಿನ ಎರಡು ತುದಿ

ಹಬ್ಬಕ್ಕೆ ಎರಡು ವಾರವಿದ್ದಾಗ ಹನ್ನೊಂದು ಕೊಕ್ಕೆ ತುಂಬಿತ್ತು. ಹತ್ತು ಕಬ್ಬಿಣದವು, ಒಂದು ಮರದ್ದು. ಹನ್ನೆರಡನೆಯದು ನನ್ನನ್ನೇ ನೋಡುತ್ತಿತ್ತು.

ಅಣ್ಣನೂ ನಾನೂ ಮಾತಾಡುತ್ತಿರಲಿಲ್ಲ ಎಂದೆನಲ್ಲ. ಹೆಂಡತಿಯರು ವಾರಕ್ಕೆರಡು ಸಲ ಮಾತಾಡುತ್ತಿದ್ದರು. ಆಗ ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಆ ಕಡೆ ಅಣ್ಣನೂ ಅತ್ತಿಗೆಯ ಪಕ್ಕ ಏನೋ ಕೆಲಸವಿರುವವನಂತೆ ಕೂತಿರುತ್ತಿದ್ದ. ಅವನ ಕೆಮ್ಮು ಕೇಳಿಸುತ್ತಿತ್ತು.

“ಕಪಾಟು ಚೆನ್ನಾಗಿದೆ ಅಕ್ಕ,” ಎಂದಳು ನನ್ನ ಹೆಂಡತಿ. “ಒಂದು ಕೊಕ್ಕೆ ಖಾಲಿ ಬಿಟ್ಟಿದ್ದಾರೆ.”

ಆ ಕಡೆ ಗುಸುಗುಸು. ಅತ್ತಿಗೆ ಕೇಳಿದರು, “ಯಾಕ್ ಖಾಲಿ ಬುಟ್ಟವ್ರೆ ಅಂತ ಕೇಳ್ತಾವ್ರೆ ನಿನ್ ಭಾವ.”

“ಸುಮ್ಮನೆ ಅನ್ನು,” ಎಂದೆ ಮೆಲ್ಲಗೆ.

“ಮಾವನವರ ಮಚ್ಚಿಗಂತೆ ಅಕ್ಕ,” ಎಂದಳು ಇವಳು.

“ಕೊಡಾಕಿಲ್ಲ ಅನ್ನು,” ಎಂಬ ಅಣ್ಣನ ದನಿ ಸ್ಪೀಕರ್ ಇಲ್ಲದೆಯೇ ನನಗೆ ಕೇಳಿಸಿತು.

“ಯೋಚ್ನೆ ಮಾಡ್ತಾರಂತೆ,” ಎಂದರು ಅತ್ತಿಗೆ.

“ಅದೇನು ಅವನೊಬ್ಬನದೇ ಸ್ವತ್ತಾ?” ಎಂದೆ ನಾನು.

“ನಿಮ್ಮನ್ನೆಲ್ಲ ಹಬ್ಬಕ್ಕೆ ಕರೀತಿದ್ದಾರೆ ಅಕ್ಕ,” ಎಂದು ನನ್ನ ಹೆಂಡತಿ ಫೋನಿಟ್ಟಳು.

ಆರು ವರ್ಷ ನಮ್ಮ ಮಾತುಗಳೆಲ್ಲ ಹೀಗೆ ಮೊನೆ ಮುರಿಸಿಕೊಂಡೇ ಅತ್ತಿಂದಿತ್ತ ಓಡಾಡಿದ್ದವು.

ಹಬ್ಬದ ದಿನ

ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಎಂದಿಲ್ಲದ ಉತ್ಸಾಹದಲ್ಲಿದ್ದಳು. ಕಪಾಟಿನ ಕತ್ತಿಗಳನ್ನೆಲ್ಲ ಇಳಿಸಿ, ತೊಳೆದು, ವಿಭೂತಿ ಬಳಿದು, ಕುಂಕುಮವಿಟ್ಟು ಮಣೆಯ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ ಅಡುಗೆಮನೆಯ ಚಾಕು, ಈಳಿಗೆಮಣೆ, ಕತ್ತರಿ, ಮಿಕ್ಸಿಯ ಬ್ಲೇಡು. ಮರದ ಚಾಕುವಿಗೂ ಒಂದು ಹೂವು. ಕೊನೆಗೆ ನನ್ನ ನೇಲ್‌ಕಟರನ್ನೂ ಕೇಳಿದಳು.

“ಅದೂ ಆಯುಧವಾ?”

“ಕೊಡಿ ಸುಮ್ಮನೆ.”

ನಮ್ಮ ಮನೆಯ ಕಟ್ಟಳೆ, ಪೂಜೆಗೆ ಕೂತದ್ದನ್ನು ಮಾರನೆಯ ಬೆಳಿಗ್ಗೆವರೆಗೆ ಯಾರೂ ಮುಟ್ಟುವಂತಿಲ್ಲ. ಅದು ಅವಳ ತಾಯಿಯ ಕಾಲದಿಂದ ಬಂದದ್ದು, ಒಮ್ಮೆಯೂ ಮುರಿದಿಲ್ಲ.

ಮಂಗಳಾರತಿ ಮುಗಿದು ಹತ್ತು ನಿಮಿಷಕ್ಕೆ ಬಾಗಿಲಲ್ಲಿ ಮೊಪೆಡ್ ನಿಂತಿತು. ಅಣ್ಣ, ಅತ್ತಿಗೆ. ಅಣ್ಣನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಮಚ್ಚು. ನನ್ನ ಕಡೆ ನೋಡದೆ ನನ್ನ ಹೆಂಡತಿಗೆ ಹೇಳಿದ, “ಪೂಜೆ ಆಗೋಯ್ತೇನಮ್ಮ? ಅಪ್ಪಂದು ಈ ಸಲ ನಿಮ್ಮನೇಲೇ ಕೂರ್ಲಿ ಅಂತ ತಂದೆ. ಪೂಜೆಗೆ ಅಷ್ಟೇಯ. ನೇತಾಕಾಕಲ್ಲ.”

“ಬನ್ನಿ ಭಾವ, ಕೂತ್ಕೊಳ್ಳಿ,” ಎಂದು ಅವಳು ಒಳಗೆ ಹೋದಳು. ಅಣ್ಣ ಒಂದು ಕುರ್ಚಿಯಲ್ಲಿ, ನಾನು ಒಂದರಲ್ಲಿ. ಇಬ್ಬರೂ ಗೋಡೆಯ ಹೊಸ ಬಣ್ಣ ನೋಡುತ್ತಿದ್ದೆವು. ಐದು ನಿಮಿಷಕ್ಕೆ ಅವಳು ಮೊರದಲ್ಲಿ ಹುರುಳಿಕಾಯಿ ಹಿಡಿದು ವಾಪಸು ಬಂದಳು.

“ರೀ, ಹೆಚ್ಚೋದಕ್ಕೆ ಏನೂ ಇಲ್ಲ.”

ನಾನು ಮಣೆಯ ಕಡೆ ನೋಡಿದೆ. ಮನೆಯಲ್ಲಿದ್ದ ಪ್ರತಿಯೊಂದು ಅಲಗೂ ಹೂ ಮುಡಿದು ಕೂತಿತ್ತು.

“ಪಕ್ಕದ ಮನೆ?”

“ಅವರದೂ ಪೂಜೆ ಆಗಿದೆ. ಇಡೀ ಬೀದಿಯಲ್ಲಿ ಇವತ್ತು ಒಂದು ಚಾಕೂ ಏಳಲ್ಲ.”

ಅಣ್ಣನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದುಕೊಂಡೆ. ನಗುತ್ತಿದ್ದ.

“ಇಪ್ಪತ್ಮೂರು ಕತ್ತಿ ಮಡಗಿದ್ನಲ್ಲಮ್ಮ ನಿನ್ ಗಂಡ. ಒಂದ್ ಹುಳ್ಳಿಕಾಯಿ ಹೆಚ್ಚಾಕ್ ಗತಿ ಇಲ್ವಾ?” ಟವೆಲು ಬಿಚ್ಚಿದ. “ಕೊಡಿಲ್ಲಿ.”

ತೆಂಗಿನ ಗೊನೆ ಕೆಡವುವ ಮಚ್ಚಿನಲ್ಲಿ ಅವನು ಹುರುಳಿಕಾಯಿ ಹೆಚ್ಚತೊಡಗಿದ. ಒಂದೊಂದು ಹೋಳೂ ಬೆರಳುದ್ದ.

“ಯಾವ್ ದನಕ್ಕೆ ಅದು?” ಎಂದರು ಅತ್ತಿಗೆ.

“ಸುಮ್ಕಿರು. ಏನ್ಲಾ, ನೋಡ್ತಾ ಕೂತ್ಕಂಡೆ?” ಆರು ವರ್ಷದ ಮೇಲೆ ಅಣ್ಣ ನನಗೆ ಆಡಿದ ಮೊದಲ ಮಾತು ಅದು. “ತಗೋ, ಒಸಿ ನೀನೂ ಹೆಚ್ಚು.” ಹಿಡಿಯನ್ನು ನನ್ನ ಕಡೆ ಚಾಚಿದ.

“ಕೆಳಗಿಡಿ ಭಾವ,” ಎಂದಳು ನನ್ನ ಹೆಂಡತಿ. “ಕೈಗೆ ಕೊಡಬೇಡಿ, ಜಗಳ ಆಗುತ್ತೆ.”

“ಅದನ್ನ ಆಡಿ ಮುಗ್ಸಾಗೈತಲ್ಲಮ್ಮ. ಸೀತಾಳೆ ಸಿಡುಬು ಎಲ್ಲಾರಾ ಎಲ್ಡ್ ಸಲ ಬಂದದಾ?”

ನಾನು ಕೈಯಲ್ಲೇ ತೆಗೆದುಕೊಂಡೆ. ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ಒಂದು ಗುಳಿ ಇದೆ. ಅದು ಇನ್ನೂ ಆಳವಾಗಿತ್ತು. ಅಣ್ಣ ಬಳಸುತ್ತಲೇ ಇದ್ದನಲ್ಲ.

ಊಟಕ್ಕೆ ಮುಂಚೆ ಮಚ್ಚನ್ನು ತೊಳೆದು, ಕುಂಕುಮವಿಟ್ಟು, ಸಾಲಿನ ಕೊನೆಗೆ ಕೂರಿಸಿದಳು. ಸಂಜೆ ಅಣ್ಣ ಹೊರಟು ನಿಂತು ಅದಕ್ಕೆ ಕೈ ಚಾಚಿದ.

“ನಾಳೆ ಬೆಳಿಗ್ಗೆವರೆಗೆ ಎತ್ತೋ ಹಾಗಿಲ್ಲ ಭಾವ.”

“ನಾಳೆ ಎಳನೀರ್ ಕೆಡವ್ಬೇಕು ಕಣಮ್ಮ.”

“ಹಾಗಿದ್ರೆ ನೀವೂ ಇರಬೇಕು.”

“ನಾನೇನ್ ಪೂಜೆಗ್ ಕೂತಿದ್ದೀನಾ? ಬಟ್ಟೆ ಗಿಟ್ಟೆ ಏನೂ ತಂದಿಲ್ಲ.”

ಅತ್ತಿಗೆ ತಮ್ಮ ಚೀಲಕ್ಕೆ ಕೈಹಾಕಿ ಅವನ ಮಡಿಸಿದ ಲುಂಗಿ, ಬನಿಯನ್ನು, ರಕ್ತದೊತ್ತಡದ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. ನನ್ನ ಹೆಂಡತಿ ಅವರನ್ನು ನೋಡಲಿಲ್ಲ. ಅವರೂ ಇವಳನ್ನು ನೋಡಲಿಲ್ಲ. ನೇಲ್‌ಕಟರಿನವರೆಗೆ ಎಲ್ಲವೂ ಏಕೆ ಪೂಜೆಗೆ ಹೋಯಿತೆಂದು ಅಣ್ಣನಿಗೂ ನನಗೂ ಒಟ್ಟಿಗೇ ಹೊಳೆಯಿತು.

ಬೆಳಿಗ್ಗೆ ಅಣ್ಣ ಮಚ್ಚನ್ನು ಎತ್ತಿದವನು ಕಪಾಟಿನ ಮುಂದೆ ನಿಂತ. “ಇದ್ಕಾ ಮಾಡ್ಸಿದ್ದು?” ಎಂದು ದೊಡ್ಡ ಕೊಕ್ಕೆಗೆ ತಗುಲಿಸಿದ. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದ. “ಅಳತೆ ಸರಿಯಾಗೈತೆ,” ಎಂದ. ಮತ್ತೆ ಬಿಚ್ಚಿ ಟವೆಲಿನಲ್ಲಿ ಸುತ್ತಿಕೊಂಡ. “ಕೊಕ್ಕೆ ಹಂಗೇ ಇರ್ಲಿ. ಮುಂದಿನ ಹಬ್ಬಕ್ಕೆ ತತ್ತೀನಿ. ನೀನ್ ಈ ಭಾನುವಾರ ಬಂದು ಅಲ್ಲೇ ನೋಡ್ಕ.”

ಈಗ ಮನೆಗೆ ಬಂದವರೆಲ್ಲ ಕಪಾಟಿನ ಹನ್ನೊಂದನ್ನು ಬಿಟ್ಟು ಖಾಲಿ ಕೊಕ್ಕೆಯನ್ನೇ ಕೇಳುತ್ತಾರೆ. ನಾನು ಹೆಚ್ಚು ಮಾತಾಡುವುದಿಲ್ಲ.

“ಅದು ಡ್ಯೂಟಿ ಮೇಲಿದೆ,” ಎನ್ನುತ್ತೇನೆ. “ಹಬ್ಬಕ್ಕೆ ಒಂದು ದಿನ ರಜೆ ಹಾಕಿ ಬರುತ್ತದೆ, ಹುರುಳಿಕಾಯಿ ಹೆಚ್ಚೋದಕ್ಕೆ.”