ಹಲ್ಲುನೋವಿಗೊಂದು ಹಾಯಿದೋಣಿ

ಟೈಲರಿಗೆ ಹಲ್ಲುನೋವು ಬಂದದ್ದು ಇಡೀ ಬೀದಿಗೆ ಗೊತ್ತಿತ್ತು, ಆ ಪರಿ ನರಳುತ್ತಿದ್ದ. ಎಡದವಡೆಯ ಒಂದೇ ಒಂದು ಹುಳುಕು ಹಲ್ಲು ಅವನ ಜೀವ ಹಿಂಡಿ ಹಿಪ್ಪೆ ಮಾಡಿತ್ತು. ಹಲ್ಲಿನ ಡಾಕ್ಟರು ಇದ್ದದ್ದು ಪಕ್ಕದ ಬಂದರಿನಲ್ಲಿ. ಅವರೋ ಅಂದು ಮಧ್ಯಾಹ್ನವೇ ಬಾಗಿಲು ಹಾಕಿ, ತಿಂಗಳ ಮಟ್ಟಿಗೆ ಮಗಳ ಮನೆಗೆ ಹೊರಡುವವರು. ಸೇತುವೆ ರಿಪೇರಿಯೆಂದು ಬಸ್ಸು ಬೇರೆ ನಿಂತಿತ್ತು.

ಆಗ ಅವತರಿಸಿದ್ದು ಹೆಂಡತಿಯ ತಮ್ಮ. ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಅದರಲ್ಲಿ ಕೂರುವ ಧೈರ್ಯಸ್ಥರು ಸಿಗದೆ ಕೊರಗುತ್ತಿದ್ದ ಆಸಾಮಿ. ಅಡುಗೆಮನೆಯ ಮೇಜಿನ ಮೇಲೆ ಸಮುದ್ರದ ನಕ್ಷೆ ಹರಡಿ, ಭಾವನದೇ ಸ್ಕೇಲಿನಿಂದ ಈ ಬಂದರಿನಿಂದ ಆ ಬಂದರಿಗೆ ನೇರ ಗೆರೆ ಎಳೆದ.

“ನೋಡಿ ಭಾವ, ಎಷ್ಟು ಸಲೀಸು. ಡಾಕ್ಟರು ಬಾಗಿಲು ತೆಗೆಯೋ ಹೊತ್ತಿಗೆ ನೀವು ಬಾಯಿ ತೆಗೆದಿರ್ತೀರಿ.”

ನೆರೆಮನೆಯ ನಿವೃತ್ತ ಬಸ್ ಕಂಡಕ್ಟರೂ ಹತ್ತಿ ಕೂತರು. ದಾರಿಯ ವಿಷಯದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬುದು ಅವರ ನಂಬಿಕೆ. ಯಾರೂ ಕರೆದಿರಲಿಲ್ಲ, ಆ ಮಾತು ಬೇರೆ.

ಬಂದರು ದಾಟಿದ ಮೇಲೆ ತಿಳಿಯಿತು, ಗಾಳಿ ಬೀಸುತ್ತಿದ್ದುದೇ ಡಾಕ್ಟರರ ಊರಿನಿಂದ. ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ತಿರುಗಿದಾಗಲೆಲ್ಲ ಹಾಯಿಯ ಬುಡದ ಅಡ್ಡಮರ ಈ ಬದಿಯಿಂದ ಆ ಬದಿಗೆ ರೊಯ್ಯನೆ ಬೀಸುತ್ತದೆ. ಬಾಮೈದ ‘ತಲೆ’ ಎಂದೊಡನೆ ಎಲ್ಲರೂ ಬಗ್ಗಬೇಕು. ಬಗ್ಗಿದರೆ ರಕ್ತವೆಲ್ಲ ಹಲ್ಲಿಗೇ ನುಗ್ಗಿ ಟೈಲರಿಗೆ ಹಾಡುಹಗಲೇ ನಕ್ಷತ್ರ ಕಾಣುತ್ತಿತ್ತು.

“ನೇರ ಹೊಲಿಗೆ ಅಂತ ಕರ್ಕೊಂಡು ಬಂದು ಜಿಗ್‌ಜಾಗ್ ಹಾಕ್ತಿದ್ದೀಯಲ್ಲೋ” ಎಂದು ಕೆನ್ನೆ ಹಿಡಿದುಕೊಂಡೇ ಗೊಣಗಿದ.

ಕಂಡಕ್ಟರು ಸುಮ್ಮನಿರುವ ಪೈಕಿಯೇ? ದಡದ ಪಕ್ಕ ಹೋದರೆ ಗಾಳಿ ಕಡಿಮೆ, ಅತ್ತ ತಿರುಗಿಸು ಎಂದರು. ಆ ದೋಣಿಯನ್ನು ಹೊಗಳಿದ್ದ ಏಕೈಕ ಮನುಷ್ಯ ಅವರು, ಹಾಗಾಗಿ ಬಾಮೈದ ಮರುಮಾತಾಡದೆ ತಿರುಗಿಸಿದ. ದೋಣಿಯ ತಳ ಮರಳಿಗೆ ಗರ್ರನೆ ತಾಗಿತು. ಉದ್ದನೆ ಕೋಲಿನಿಂದ ನೂಕಿ ಬಿಡಿಸಿಕೊಂಡು ಆಳಕ್ಕೆ ಬಂದರೆ, ಕಂಡಕ್ಟರು ದೂರದ ಗೋಪುರವೊಂದನ್ನು ತೋರಿಸಿ ಅದೇ ಡಾಕ್ಟರರ ಬಂದರಿನ ದೀಪಸ್ತಂಭ ಎಂದರು. ಹತ್ತಿರ ಹೋಗಿ ನೋಡಿದರೆ ಮುಚ್ಚಿಹೋದ ಕಾರ್ಖಾನೆಯ ಚಿಮಣಿ. ಮತ್ತೆ ತಿರುವು, ಮತ್ತೆ ‘ತಲೆ’. ಸೂರ್ಯ ನೆತ್ತಿಗೇರುತ್ತಿದ್ದ. ಟೈಲರಿಗೆ ಅಳುವೇ ಬಂತು.

ಕೊನೆಗೂ ಬಂದರು ಕಂಡಿತು. ಇನ್ನೊಂದೇ ತಿರುವು. ಅದು ಎಡಕ್ಕೋ ಬಲಕ್ಕೋ ಎಂದು ಬಾಮೈದನಿಗೂ ಕಂಡಕ್ಟರಿಗೂ ಹತ್ತಿಕೊಂಡಿತು. ಡಾಕ್ಟರರ ಕಟ್ಟಡ ಕಂಡೀತೇ ಎಂದು ಟೈಲರ್ ಎದ್ದು ನಿಂತ. ಜಗಳದ ಭರದಲ್ಲಿ ಬಾಮೈದ ‘ತಲೆ’ ಎನ್ನುವುದನ್ನೇ ಮರೆತು ಚುಕ್ಕಾಣಿ ಎಳೆದ.

ಅಡ್ಡಮರ ಬಂದು ಸರಿಯಾಗಿ ಎಡಗೆನ್ನೆಗೆ ಬಾರಿಸಿತು. ಟೈಲರ್ ದಬಕ್ಕನೆ ಬಿದ್ದ. ಎದ್ದು ಉಗುಳಿದರೆ ಅಂಗೈಯಲ್ಲಿ ರಕ್ತದಲ್ಲಿ ಮಿಂದ ಹಲ್ಲು. ಟೈಲರ್ ದವಡೆ ಮುಟ್ಟಿಕೊಂಡ. ನೋವಿಲ್ಲ. ಅಲ್ಲಿ ಏನೂ ಇದ್ದಂತೆಯೇ ಇಲ್ಲ.

“ಹೋಯ್ತು ಕಣೋ,” ಎಂದ, ತೊದಲುತ್ತಾ. “ಪೂರ್ತಿ ಹೋಯ್ತು.”

ಬಾಮೈದನನ್ನು ತಬ್ಬಿಕೊಂಡ. ಯಶಸ್ಸೆಲ್ಲ ತಾವು ಹೇಳಿದ ತಿರುವಿನದು ಎಂದು ಕಂಡಕ್ಟರು ಬೀಗಿದರು. ಇನ್ನು ಡಾಕ್ಟರು ಯಾಕೆ, ದಂಡಕ್ಕೆ ಎಂದು ಮೂವರೂ ಒಮ್ಮತದಿಂದ ದೋಣಿ ತಿರುಗಿಸಿದರು. ಈಗ ಗಾಳಿ ಬೆನ್ನಿಗಿತ್ತು, ಹೊರಟದ್ದೇ ತಡ ಊರು ಬಂತು.

ಮನೆಯಲ್ಲಿ ಹೆಂಡತಿ ಗಂಡನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಬಹಳ ಹೊತ್ತು ನೋಡಿದಳು.

“ಅಲ್ಲಾ ರೀ, ಹುಳುಕು ಹಲ್ಲು ಇಲ್ಲೇ ಇದೆ. ಅದರ ಪಕ್ಕದ್ದು ಎಲ್ಲಿ ಹೋಯ್ತು?”

ಟೈಲರ್ ಜೇಬಿನಿಂದ ಹಲ್ಲನ್ನು ತೆಗೆದು ಒರೆಸಿ ನೋಡಿದ. ಒಂದು ಚುಕ್ಕೆಯೂ ಇಲ್ಲದ ಗಟ್ಟಿಮುಟ್ಟಾದ ಹಲ್ಲು. ಮರಗಟ್ಟಿದ್ದ ದವಡೆಗೆ ಆಗ ಮೆಲ್ಲಗೆ ಜೀವ ಬರತೊಡಗಿತು.